ಪದಚರ್ಚೆ: ‘ಸ್ಟಾರ್ಮ್ ಸರ್ಜ್‌’ಗೆ ಕನ್ನಡದಲ್ಲಿ ಏನು? ರಾತ್ರಿಯೊಳಗೆ ಬೇಕು

ಟ್ಯಾಂಪಾದಿಂದ:

ಎಲ್ಲರಿಗೂ ನಮಸ್ಕಾರ. ಫ್ಲಾರಿಡಾದಲ್ಲಿ ಮಕ್ಕಳ ಮನೆಗೆ ಬಂದಿರುವ ನಮ್ಮ ಹಿರಿಯರಿಗಾಗಿ ಹರಿಕೇನ್ (ಚಂಡಮಾರುತಕ್ಕೆ ಇಲ್ಲಿನ ಹೆಸರು) ಬಗ್ಗೆ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು, ಇಂಗ್ಲಿಷ್ ಬಾರದವರು ಓದುವಂಥದ್ದು. ‘ಸ್ಟಾರ್ಮ್ ಸರ್ಜ್‌’ಗೆ, ಅಂದರೆ ಚಂಡಮಾರುತದ ಗಾಳಿ ಕಡಲ ನೀರನ್ನು ನೂಕಿ ಊರೊಳಗೆ ತರುವುದಕ್ಕೆ, ‘ಚಂಡಮಾರುತದ ಉಬ್ಬರ’ ಎಂದು ಹಾಕಿದೆ. ಮುಂದಿನ ಸಾಲಿನಲ್ಲೇ ಸರ್ಜ್ ಮತ್ತು ಹೈ ಟೈಡ್ (ಕಡಲ ದಿನನಿತ್ಯದ ಉಬ್ಬರ) ಕೂಡಿ ಬಂದರೆ ಅಪಾಯ ಹೆಚ್ಚು ಎಂದಿದೆ. ‘ಉಬ್ಬರವು ಉಬ್ಬರದ ಹೊತ್ತಿಗೆ ಬಂದರೆ’ ಎಂದು ಬರೆದು ನಾನೇ ನಕ್ಕೆ. ಇನ್ನೊಂದು, ಇಲ್ಲಿನ ಅಧಿಕಾರಿಗಳು ಪ್ರತಿ ವರ್ಷ ಹೇಳುವ ಮಾತು: ‘ನೀರಿನಿಂದ ಓಡಿ, ಗಾಳಿಯಿಂದ ಅಡಗಿ’. ಕನ್ನಡದಲ್ಲಿ ಹೀಗೆ ಬರೆದರೆ ಯಾರೂ ಓಡುವುದಿಲ್ಲ. ಮುದ್ರಣಕ್ಕೆ ಇಂದೇ ಕೊಡಬೇಕು.

ಮೈಸೂರಿನಿಂದ:

ಮೊದಲು ‘ಚಂಡಮಾರುತ’ವನ್ನು ಕಿತ್ತುಹಾಕಿ. ಚಂಡವೂ ನಮ್ಮದಲ್ಲ, ಮಾರುತವೂ ನಮ್ಮದಲ್ಲ. ‘ಸುಳಿಗಾಳಿ’ ಎನ್ನಿ, ನಡುವೆ ಕಣ್ಣು, ಸುತ್ತ ಸುಳಿ, ಪದದಲ್ಲೇ ಚಿತ್ರವಿದೆ. ಸರ್ಜ್‌ಗೆ ‘ಕಡಲುಬ್ಬು’. ಮುಗಿಯಿತು.

ಬಳ್ಳಾರಿಯಿಂದ:

ಮುಗಿಯಲಿಲ್ಲ. ಸುಳಿಗಾಳಿ ಎಂದರೆ ನಮ್ಮ ಕಡೆ ಬೇಸಿಗೆಯ ಬಯಲಿನಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಹೋಗುವ ಗಾಳಿ. ಅದಕ್ಕೆ ಹೆದರಿ ಮನೆ ಬಿಟ್ಟವರನ್ನು ನಾನು ಕಂಡಿಲ್ಲ. ಪಕ್ಕದ ತೆಲುಗಿನಲ್ಲಿ ಸರ್ಜ್‌ಗೆಂದೇ ಇರುವ ಪದ ‘ಉಪ್ಪೆನ’. 1977ರ ನವೆಂಬರ್ 19ರಂದು ಕೃಷ್ಣಾ ನದಿ ಕಡಲು ಸೇರುವ ದಿವಿಸೀಮೆಯ ಊರುಗಳನ್ನು ಕಡಲ ನೀರು ಗುಡಿಸಿ ಹಾಕಿತಲ್ಲ, ಅದನ್ನು ಆಂಧ್ರದ ಜನ ಇಂದಿಗೂ ‘ದಿವಿಸೀಮೆ ಉಪ್ಪೆನ’ ಎಂದೇ ಕರೆಯುತ್ತಾರೆ. ಪದಕೋಶದಲ್ಲಿ ಕೂತ ಪದವಲ್ಲ, ಅಜ್ಜಿಯರ ಬಾಯಲ್ಲಿರುವ ಪದ. ಉಪ್ಪುನೀರು ತರುವುದರಿಂದ ಉಪ್ಪೆನ. ಎತ್ತಿಕೊಳ್ಳಿ.

ಮೈಸೂರಿನಿಂದ:

ಉಪ್ಪಿಗೂ ಅದಕ್ಕೂ ನಂಟು ಹಾಕುವುದು ಕಿವಿಯ ವ್ಯುತ್ಪತ್ತಿ. ತಮಿಳಿನಲ್ಲಿ ‘ಉಪ್ಪು’ ಎಂದರೆ ಊದಿಕೊಳ್ಳು ಎಂಬ ಅರ್ಥವೂ ಇದೆ. ನಮ್ಮ ‘ಉಬ್ಬು’ ಅದರ ಒಡಹುಟ್ಟು. ಉಪ್ಪೆನವನ್ನು ಅಲ್ಲಿ ಹುಡುಕಿ, ಉಪ್ಪಿನಲ್ಲಲ್ಲ. ಮನೆಯಲ್ಲೇ ‘ಉಬ್ಬು’ ಇರುವಾಗ ಪಕ್ಕದ ಮನೆಯಿಂದ ಸಾಲ ತರುವ ದರಿದ್ರ ನಮಗೇಕೆ?

ಕುಂದಾಪುರದಿಂದ:

ಸ್ವಾಮಿ, ಕೇಳಿದವರಿಗೆ ರಾತ್ರಿಯೊಳಗೆ ಪದ ಬೇಕು, ವಂಶವೃಕ್ಷ ಅಲ್ಲ. ಉಬ್ಬು, ಉಬ್ಬರ ಎರಡೂ ಬೇಡ ಎನ್ನಲು ಕಾರಣವಿದೆ. ಕಡಲ ತಡಿಯವರಿಗೆ ಉಬ್ಬರ ಎಂದರೆ ಗಡಿಯಾರ. ಸುಮಾರು ಆರು ಗಂಟೆ ಏರು, ಆರು ಗಂಟೆ ಇಳಿತ. ಅದನ್ನು ನೋಡಿಯೇ ದೋಣಿ ಅಳಿವೆ ದಾಟುತ್ತದೆ. ಕರಪತ್ರದಲ್ಲಿ ‘ಉಬ್ಬರ’ ಎಂದು ಓದಿದ ಕರಾವಳಿಯ ಹಿರಿಯರು ಇಳಿತಕ್ಕಾಗಿ ಕಾಯುತ್ತಾ ಕುಳಿತಾರು. ಘಟ್ಟದ ಮೇಲಿನವರಿಗೆ ಹೊಟ್ಟೆ ಉಬ್ಬರವೇ ನೆನಪಾದೀತು.

ಚಂದ್ರನಿಗೂ ಸರ್ಜ್‌ಗೂ ಸಂಬಂಧವಿಲ್ಲ. ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿ ಬೆಚ್ಚಗಾದ ಕಡಲಿನಿಂದ ಏಳುವ ಆವಿ ಮೇಲೆ ಹೋಗಿ ಮೋಡವಾಗುವಾಗ ಬಿಟ್ಟುಕೊಡುವ ಶಾಖವೇ ಚಂಡಮಾರುತಕ್ಕೆ ಉರುವಲು. ಬಿಸಿಯಾದ ಗಾಳಿ ಮೇಲೇರಿದಂತೆ ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಆ ಕಡೆಗೆ ನುಗ್ಗುತ್ತದೆ, ಭೂಮಿಯ ತಿರುಗಾಟ ಅದನ್ನು ಸುತ್ತಿಸುತ್ತದೆ. ಒತ್ತಡ ಕುಸಿದಲ್ಲಿ ನೀರು ಉಬ್ಬುವುದು ನಿಜ, ಆದರೆ ಒಂದು ಹೆಕ್ಟೊಪಾಸ್ಕಲ್‌ಗೆ (ಇದು ಒತ್ತಡದ ಅಳತೆ) ಒಂದು ಸೆಂಟಿಮೀಟರ್‌ನಷ್ಟು ಮಾತ್ರ. ಮಿಕ್ಕದ್ದೆಲ್ಲ ಗಾಳಿಯ ನೂಕು. ಆಳದ ಕಡಲಿನಲ್ಲಿ ನೂಕಿಸಿಕೊಂಡ ನೀರು ಅಡಿಯಿಂದ ಹಿಂದಕ್ಕೆ ಸರಿದುಬಿಡುತ್ತದೆ. ತಡಿಯ ಹತ್ತಿರ ತಳ ಮೇಲೆ ಬಂದ ಕಡೆ ಅದಕ್ಕೆ ಸರಿಯಲು ಜಾಗವಿಲ್ಲ, ಊರೊಳಗೆ ಬರುತ್ತದೆ. ಬಂಗಾಳ ಕೊಲ್ಲಿಯ ತಲೆಭಾಗ ಹಾಗೆ ಆಳವಿಲ್ಲದ್ದು. 1970ರ ಭೋಲಾ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತದ್ದು ಬಹುಪಾಲು ಈ ನೀರಿಗೆ. ಫ್ಲಾರಿಡಾದ ಪಶ್ಚಿಮ ತಡಿಯೂ ಅಂಥದ್ದೇ. 2022ರ ಇಯಾನ್ ಹರಿಕೇನ್‌ನಲ್ಲಿ ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೆಲದಿಂದ 10ರಿಂದ 15 ಅಡಿ ನೀರು ನಿಂತಿತ್ತು. ಒಂದು ಘನ ಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗಿಂತ ಹೆಚ್ಚು. ಅದು ಗೋಡೆಗೆ ಬಡಿಯುವುದನ್ನು ‘ಉಬ್ಬು’ ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ.

ಪದ ಅರ್ಥವಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫಿಲಿಪ್ಪೀನ್ಸ್‌ನ ಟಕ್ಲೋಬಾನ್ ಇದೆ. 2013ರ ನವೆಂಬರ್‌ನ ಹೈಯಾನ್ ಚಂಡಮಾರುತಕ್ಕೆ ಮುಂಚೆ ‘ಸ್ಟಾರ್ಮ್ ಸರ್ಜ್’ ಬರುತ್ತದೆ ಎಂದು ಅಧಿಕಾರಿಗಳು ಇಂಗ್ಲಿಷಿನಲ್ಲೇ ಸಾರಿದ್ದರು. ಸುನಾಮಿ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕಿ ಉಳಿದವರು ಆಮೇಲೆ ಹೇಳಿದರು. ಆ ದೇಶದಲ್ಲಿ ಸತ್ತವರು 6,000ಕ್ಕೂ ಹೆಚ್ಚು.

ನನ್ನ ಸಲಹೆ ‘ಕಡಲ ನೆರೆ’. ನೆರೆ ಬಂತು ಎಂದರೆ ಬೀದರಿನಿಂದ ಕೊಡಗಿನವರೆಗೆ ಎಲ್ಲರೂ ಸಾಮಾನು ಎತ್ತಿಡುತ್ತಾರೆ. ಎರಡನೆಯದಕ್ಕೆ: ‘ಗಾಳಿಗೆ ಮನೆಯೊಳಗೆ ಅಡಗಿ, ನೀರಿಗೆ ಮನೆ ಬಿಟ್ಟು ಹೊರಡಿ’.

ಮೈಸೂರಿನಿಂದ:

ನೆರೆ ಹೊಳೆಯದು. ‘ಕಡಲ ನೆರೆ’ ಎಂದರೆ ಕಡಲ ಪಕ್ಕದ ಮನೆಯವನು.

ಬಳ್ಳಾರಿಯಿಂದ:

ವ್ಯಂಗ್ಯ ಬಿಡಿ, ನಿಜವಾದ ತೊಡಕು ಬೇರೆ ಇದೆ. ನೆರೆ ಎಂದರೆ ನಮ್ಮ ಜನ ಮೊದಲು ಮಳೆ ನೋಡುತ್ತಾರೆ. ಸರ್ಜ್‌ಗೆ ಮಳೆಯ ಹಂಗಿಲ್ಲ. ‘ಮಳೆ ಇಲ್ಲದಿದ್ದರೂ’ ಎಂದು ಸೇರಿಸದಿದ್ದರೆ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಾರೆ. ಉಪ್ಪೆನದಲ್ಲಿ ಈ ತೊಂದರೆ ಇರಲಿಲ್ಲ, ಇರಲಿ.

ಕುಂದಾಪುರದಿಂದ:

ಬಳ್ಳಾರಿಯವರು ಹೇಳಿದ್ದು ಸರಿ, ಸೇರಿಸಿ. ಹರಿಕೇನ್‌ಗೆ ಕೊಡುವ 1ರಿಂದ 5ರವರೆಗಿನ ಗಾಳಿಯ ‘ವರ್ಗ’ದ ಸಂಖ್ಯೆ ನೋಡಿ ಧೈರ್ಯ ತಂದುಕೊಳ್ಳಬೇಡಿ ಎಂಬುದನ್ನೂ ಸೇರಿಸಿ. 2005ರ ಕತ್ರಿನಾ ಹರಿಕೇನ್ ನೆಲ ಮುಟ್ಟುವಾಗ 3ನೇ ವರ್ಗಕ್ಕೆ ಇಳಿದಿತ್ತು, ಆದರೂ ಮಿಸಿಸಿಪಿ ತಡಿಯಲ್ಲಿ ನೀರು ಸುಮಾರು 28 ಅಡಿ ಏರಿತು. ಆ ಸಂಖ್ಯೆ ಅಳೆಯುವುದು ಗಾಳಿಯ ವೇಗವನ್ನು ಮಾತ್ರ.

ಶುದ್ಧ ಕನ್ನಡದವರಿಗೆ ಒಂದು ಮಾತು. ‘ಸೈಕ್ಲೋನ್’ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ 1840ರ ದಶಕದಲ್ಲಿ ಗ್ರೀಕ್ ಪದದಿಂದ ಅದನ್ನು ಕಟ್ಟಿದ. ‘ಹರಿಕೇನ್’ ಕೆರಿಬಿಯನ್ ದ್ವೀಪಗಳ ಟೈನೊ ಜನರದು, ಸ್ಪ್ಯಾನಿಷರ ಮೂಲಕ ಇಂಗ್ಲಿಷಿಗೆ ಬಂತು. ನಮ್ಮ ಮೀನುಗಾರರ ‘ತೂಫಾನು’ ಅರಬ್ಬಿ, ಪಾರಸಿ ಕಡೆಯದು. ಕಡಲ ಗಾಳಿಯ ಪದಗಳು ಯಾವ ಭಾಷೆಯಲ್ಲೂ ಹಡಗು ಹತ್ತಿಯೇ ಬಂದಿವೆ.

ಮೈಸೂರಿನಿಂದ:

ಇಂಗ್ಲಿಷಿನವರು ಕದ್ದರೆಂದು ನಾವೂ ಕದಿಯಬೇಕೆ?

ಟ್ಯಾಂಪಾದಿಂದ:

ಎಲ್ಲರಿಗೂ ವಂದನೆ. ಕೊನೆಗೆ ಹೀಗೆ ಕಳಿಸಿದೆ: ‘ಹರಿಕೇನ್ ಬಂದಾಗ ಗಾಳಿಗಿಂತ ಕಡಲ ನೆರೆ ಹೆಚ್ಚು ಅಪಾಯ. ಟಿವಿಯಲ್ಲಿ ಇದನ್ನು ಸರ್ಜ್ ಎನ್ನುತ್ತಾರೆ. ಮಳೆ ಇಲ್ಲದಿದ್ದರೂ ಕಡಲು ಊರೊಳಗೆ ನುಗ್ಗಬಹುದು. ಉಬ್ಬರದ ಹೊತ್ತಾದರೆ ಇನ್ನೂ ಎತ್ತರಕ್ಕೆ ಬರುತ್ತದೆ. ಗಾಳಿಗೆ ಮನೆಯೊಳಗೆ ಅಡಗಿ. ನೀರು ಬರುತ್ತದೆ, ಹೊರಡಿ ಎಂದು ಹೇಳಿದರೆ ಮನೆ ಬಿಟ್ಟು ಹೊರಡಿ.’ ಹರಿಕೇನ್, ಸರ್ಜ್ ಎರಡನ್ನೂ ಬೇಕೆಂದೇ ಉಳಿಸಿದೆ. ಇಲ್ಲಿ ಟಿವಿಯಿಂದ ಹಿರಿಯರ ಕಿವಿಗೆ ಬೀಳುವ ಸದ್ದು ಅವೇ.

ಮೈಸೂರಿನಿಂದ:

ಹಾಗಾದರೆ ಇಂಗ್ಲಿಷ್ ಪುಟವನ್ನೇ ಹಂಚಬಹುದಿತ್ತು. ‘ಅಪಾಯ’ವೂ ಸಂಸ್ಕೃತ.