ಹಳೇ ಜಿಪ್ಸಿ: ಐಡ್ಲಿಂಗ್ ಕುಣಿಯುತ್ತೆ, ರಿವರ್ಸ್ ಕರ್ರ್ ಅನ್ನುತ್ತೆ, ಗೇರ್‌ಬಾಕ್ಸ್ ಇಳಿಸ್ಲೇಬೇಕಾ?

ತೋಟದಗಾಡಿ:
ಎಲ್ರಿಗೂ ನಮಸ್ಕಾರ. ನಮ್ದು 2004ರ ಮಾರುತಿ ಜಿಪ್ಸಿ ಕಿಂಗ್, 1.3 ಎಂಪಿಎಫ್‌ಐ (ಕಾರ್ಬುರೇಟರ್ ಅಲ್ಲ, ಇಂಜೆಕ್ಷನ್) ಪೆಟ್ರೋಲ್. ಅಪ್ಪ ತಗೊಂಡಿದ್ದು, ಮೂಡಿಗೆರೆ ಹತ್ರ ತೋಟದ ಕೆಲ್ಸಕ್ಕೆ ಇಟ್ಕೊಂಡಿದೀವಿ, ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಗಳು ಎಲ್ಲಾ ಅದ್ರಲ್ಲೇ. ಈಗ ಎರಡು ತೊಂದ್ರೆ ಒಟ್ಟಿಗೆ ಶುರುವಾಗಿದೆ. ಸ್ಟಾರ್ಟ್ ಮಾಡಿ ಬಿಟ್ರೆ ಐಡ್ಲಿಂಗ್ (ಆಕ್ಸಿಲೇಟರ್ ಒತ್ತದೆ ಇಂಜಿನ್ ಓಡೋ ಸ್ಪೀಡು) ಒಂದೇ ಸಮ ನಿಲ್ಲಲ್ಲ, ಊಂ ಊಂ ಅಂತ ಏರೋದು ಇಳಿಯೋದು, ಒಂದೊಂದ್ಸಲ ಮೇಲೆ ಹೋಗಿ ಅಲ್ಲೇ ನಿಂತ್ಬಿಡುತ್ತೆ, ಕಾಲು ಆಕ್ಸಿಲೇಟರ್ ಮೇಲೆ ಇಟ್ಟೇ ಇರಲ್ಲ ಆದ್ರೂ ಯಾರೋ ಒತ್ತಿದ ಹಾಗೆ. ರಾತ್ರಿ ಹೆಡ್‌ಲೈಟ್ ಹಾಕಿದ್ರೆ ಇನ್ನೂ ಜೋರು. ಇನ್ನೊಂದು, ರಿವರ್ಸ್ ಹಾಕಿದ್ರೆ ಕರ್ರ್ ಅಂತ ಹಲ್ಲು ಕಡಿಯುತ್ತೆ, ಫಸ್ಟ್ ಗೇರೂ ದಬ್ಬಿ ಹಾಕ್ಬೇಕು. ಫೋರ್‌ವೀಲ್ ಲಿವರೂ ಆಗಾಗ ಹಿಡ್ಕೊಳ್ಳುತ್ತೆ. ಮೆಕ್ಯಾನಿಕ್ ಹೇಳೋದು ಸಿಂಕ್ರೋ (ಗೇರ್ ಬೀಳೋವಾಗ ಒಳಗಿನ ಸ್ಪೀಡ್ ಹೊಂದಿಸೋ ರಿಂಗ್) ಹೋಗಿದೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು, ಐಡ್ಲಿಂಗಿಗೆ ಗಾಳಿ ಬಿಡೋ ವಾಲ್ವ್ ಹೊಸದು ಹಾಕ್ಬೇಕು ಅಂತ. ಮಳೆಗಾಲ ಬಾಗಿಲಿಗೆ ಬಂದಿದೆ, ಈಗ ಗಾಡಿ ಮಲಗಿಸಿದ್ರೆ ನಮ್ ಕಥೆ ಮುಗೀತು. ಬಿಚ್ಚಿಸ್ಲಾ ಬೇಡ್ವಾ?

ಡೀಸೆಲ್‌ಪ್ರೇಮಿ:
ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರ್ಸಿ ಗುರು, ಎಲ್ಲಾ ಸಮಸ್ಯೆ ಮುಗೀತು 😄

ಹಳೇಕಬ್ಬಿಣ:
ಡೀಸೆಲ್ ಅವ್ರೆ, ಆರ್‌ಟಿಓದಲ್ಲಿ ನಿಂತ್ಕೊಳ್ಳೋರು ನೀವಾ?

ತೋಟದವ್ರೆ, ಬಿಚ್ಚಿಸ್ಬೇಡಿ, ಸದ್ಯಕ್ಕಂತೂ ಬೇಡ. ಮೊದ್ಲು ಒಂದು ಮಾತು, ರಿವರ್ಸಿಗೆ ಸಿಂಕ್ರೋನೇ ಇರಲ್ಲ ಈ ಗೇರ್‌ಬಾಕ್ಸಲ್ಲಿ, ಹಾಗಾಗಿ ಸಿಂಕ್ರೋ ಹೋಗಿ ರಿವರ್ಸ್ ಕಡಿಯುತ್ತೆ ಅನ್ನೋದು ಲೆಕ್ಕಕ್ಕೆ ಕೂರಲ್ಲ. ಕ್ಲಚ್ ಒತ್ತಿದ್ಮೇಲೂ ಒಳಗಿನ ಶಾಫ್ಟ್ ತಿರುಗ್ತಾ ಇದ್ರೆ ರಿವರ್ಸ್ ಕಡಿಯುತ್ತೆ, ಅಷ್ಟೇ. ಮನೇಲೇ ಹೀಗೆ ನೋಡಿ. ಇಂಜಿನ್ ಆಫ್ ಇದ್ದಾಗ ಎಲ್ಲಾ ಗೇರೂ ಹಾಕಿ ತೆಗೀರಿ, ಸಲೀಸಾಗಿ ಬೀಳುತ್ತಾ? ಆಮೇಲೆ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಮನಸ್ಸಲ್ಲಿ ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಹತ್ತು ಎಣಿಸಿದ್ಮೇಲೆ ಸುಮ್ನೆ ಬಿದ್ರೆ ಕ್ಲಚ್ ಬಿಡ್ತಾ ಇದೆ ಆದ್ರೆ ಐಡ್ಲಿಂಗ್ ಜಾಸ್ತಿ ಇರೋದ್ರಿಂದ ಶಾಫ್ಟ್ ನಿಲ್ಲೋಕೆ ಹೊತ್ತಾಗ್ತಿದೆ ಅಂತ. ಹತ್ತು ಎಣಿಸಿದ್ರೂ ಕಡಿದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ, ಅಂದ್ರೆ ಇಂಜಿನ್ನಿಂದ ಗೇರ್‌ಬಾಕ್ಸನ್ನ ಬೇರೆ ಮಾಡ್ತಿಲ್ಲ.

ಇನ್ನೊಂದು ಮುಖ್ಯವಾದ್ದು, ಇದು ಶುರುವಾಗೋಕೆ ಮುಂಚೆ ಗಾಡಿಗೆ ಕೊನೇದಾಗಿ ಏನು ಕೆಲ್ಸ ಮಾಡಿಸಿದ್ರಿ?

ಘಾಟಿರಸ್ತೆ:
ಐಡ್ಲಿಂಗ್ ಕುಣಿಯೋದು ನಂಗೂ ಆಗಿತ್ತು. ಎಲ್ಲಿಂದಾನೋ ಗಾಳಿ ಎಳ್ಕೊಂಡ್ರೆ ಆರ್‌ಪಿಎಂ ಏರುತ್ತೆ, ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡೋ ಬಾಗ್ಲು) ಮುಚ್ಚಿದೆ ಆದ್ರೂ ಆರ್‌ಪಿಎಂ ಜಾಸ್ತಿ ಇದೆ ಅಂತ ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಕಟ್ ಮಾಡುತ್ತೆ, ಇಳಿಯುತ್ತೆ, ಮತ್ತೆ ಕೊಡುತ್ತೆ, ಮತ್ತೆ ಏರುತ್ತೆ, ಅದೇ ಊಂ ಊಂ. ಇಂಜಿನ್ ತಣ್ಣಗಿದ್ದಾಗ ಓಡ್ತಿರೋವಾಗ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಹೋಗೋ ಕೊಳವೆ) ಪ್ಯಾಕಿಂಗ್ ಸುತ್ತ, ವ್ಯಾಕ್ಯೂಮ್ ಪೈಪ್‌ಗಳ ಬುಡಕ್ಕೆ ಕಾರ್ಬ್ ಕ್ಲೀನರ್ ಸ್ವಲ್ಪ ಸ್ವಲ್ಪ ಹೊಡೀರಿ. ಸೌಂಡ್ ಬದ್ಲಾದ ಜಾಗದಲ್ಲಿ ಲೀಕ್. ಬಿಸಿ ಸೈಲೆನ್ಸರ್ ಮೇಲೆ, ಕಿಡಿ ಹಾರೋ ಜಾಗದಲ್ಲಿ ಹೊಡೀಬೇಡಿ ಮಾರಾಯ್ರೆ, ಹತ್ಕೊಳ್ಳುತ್ತೆ. ಥ್ರಾಟಲ್ ಬಾಡಿ ಒಳಗಿನ ಮಸಿ ಒರೆಸಿ, ಐಡ್ಲಿಂಗ್ ವಾಲ್ವ್ ಬಿಚ್ಚಿ ತೊಳೀರಿ, ಹೊಸದು ತಗೊಳ್ಳೋದು ಆಮೇಲಿನ ಮಾತು.

ತೋಟದಗಾಡಿ:
ಮಾಡಿದೆ. ಇಂಜಿನ್ ಆಫ್ ಇದ್ರೆ ಗೇರೆಲ್ಲಾ ಬೆಣ್ಣೆ. ಸ್ಟಾರ್ಟ್ ಮಾಡಿ ಹತ್ತಲ್ಲ ಇಪ್ಪತ್ತು ಎಣಿಸಿದ್ರೂ ರಿವರ್ಸ್ ಕಡಿಯುತ್ತೆ. ಕ್ಲಚ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಮುಂಚೆ ಹೀಗಿರ್ಲಿಲ್ಲ. ಥ್ರಾಟಲ್ ಬಾಡಿ ತೊಳ್ದೆ, ಒಂದು ಮಣ ಮಸಿ ಬಂತು, ಎರಡು ದಿನ ಪರ್ವಾಗಿಲ್ಲ ಆಮೇಲೆ ಅದೇ ರಾಗ. ಸ್ಪ್ರೇ ಹೊಡೆದ್ರೆ ಎಲ್ಲೂ ಸೌಂಡ್ ಬದ್ಲಾಗಲ್ಲ.

ಕೊನೇ ಕೆಲ್ಸ ಅಂದ್ರೆ ಮೂರು ತಿಂಗಳ ಹಿಂದೆ ಕ್ಲಚ್ ಪ್ಲೇಟ್ ಹಾಕ್ಸಿದ್ದು. ಅದಾದ್ಮೇಲೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಎಳೀತಿರ್ಲಿಲ್ಲ, ಗೊಯ್ಯಂ ಗೊಯ್ಯಂ ಅಂತ ನಿಧಾನ, ಬ್ಯಾಟರಿ ಹೋಯ್ತು ಅಂದ್ರು, ಹೊಸ ಬ್ಯಾಟರಿ ಹಾಕಿದ್ವಿ, ಅಷ್ಟೇನೂ ವ್ಯತ್ಯಾಸ ಆಗ್ಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ಕೊಂಡು ಮೊದ್ಲೇ ಹೇಳಿರ್ಲಿಲ್ಲ.

ಹಳೇಕಬ್ಬಿಣ:
ಸಂಬಂಧ ಇದೆ ಸ್ವಾಮಿ, ಎಲ್ಲಾ ಅದೇ!

ಇಂಜಿನ್ನು ಗೇರ್‌ಬಾಕ್ಸು ಎರಡೂ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹೋಗಲ್ಲ. ಅದಕ್ಕೇ ಬ್ಯಾಟರಿ ಮೈನಸ್ಸಿಗೆ ಕರೆಂಟ್ ವಾಪಸ್ ಬರೋಕೆ ದಪ್ಪ ಅರ್ಥ್ ವೈರ್ ಬೇಕು. ಕ್ಲಚ್ ಪ್ಲೇಟ್ ಹಾಕ್ಬೇಕಾದ್ರೆ ಗೇರ್‌ಬಾಕ್ಸ್ ಇಳಿಸ್ತಾರೆ, ಆಗ ಅದನ್ನ ಬಿಚ್ಚಿ ವಾಪಸ್ ಹಾಕೋದು ಮರೆತಿರ್ಬಹುದು, ಇಲ್ಲಾ ಬಣ್ಣ ತುಕ್ಕು ಮೇಲೇನೇ ಬಿಗಿದಿರ್ಬಹುದು. ಸೆಲ್ಫ್ ಹೊಡೆದಾಗ ನೂರು ಆಂಪಿಯರ್ ಮೇಲೆ ಹೋಗುತ್ತಲ್ಲ, ಅದು ದಾರಿ ಹುಡ್ಕುತ್ತೆ. ಇಂಜಿನ್ನಿಗೂ ಬಾಡಿಗೂ ನಡುವೆ ಇರೋ ಕಬ್ಬಿಣದ ದಾರಿ ಯಾವ್ದು? ಕ್ಲಚ್ ಕೇಬಲ್, ಆಕ್ಸಿಲೇಟರ್ ಕೇಬಲ್! ಕೇಬಲ್ ಒಳಗೆ ಬಿಸಿಯಾಗಿ ಪ್ಲಾಸ್ಟಿಕ್ ಪದರ ಕರಗಿ ತಂತಿಗೆ ಅಂಟ್ಕೊಳ್ಳುತ್ತೆ. ಕ್ಲಚ್ ಗಟ್ಟಿ, ಪೂರ್ತಿ ಎಳೆಯಲ್ಲ, ರಿವರ್ಸ್ ಕಡಿಯುತ್ತೆ. ಆಕ್ಸಿಲೇಟರ್ ಕೇಬಲ್ ಸಿಕ್ಕಾಕೊಂಡು ಥ್ರಾಟಲ್ ಪೂರ್ತಿ ಮುಚ್ಚಲ್ಲ, ಆರ್‌ಪಿಎಂ ಮೇಲೇ ನಿಲ್ಲುತ್ತೆ. ಹೆಡ್‌ಲೈಟ್ ಹಾಕಿದ್ರೆ ಜಾಸ್ತಿ ಆಗೋದು ಯಾಕೆ ಅಂದ್ರೆ ಆಲ್ಟರ್ನೇಟರ್ ಕೂತಿರೋದೂ ಇಂಜಿನ್ ಮೇಲೆ, ಅದರ ಕರೆಂಟೂ ಇದೇ ಹಾಳು ದಾರೀಲಿ ಓಡಾಡ್ಬೇಕು, ಸೆನ್ಸರ್‌ಗಳ ರೀಡಿಂಗೂ ತಪ್ಪುತ್ತೆ. ನಿಮ್ಮ ಹೆಡ್‌ಲೈಟ್ ಮಾತು ಓದಿದಾಗ್ಲೇ ಡೌಟ್ ಬಂದಿತ್ತು, ಸೆಲ್ಫ್ ವಿಷ್ಯ ಕೇಳಿದ್ಮೇಲೆ ಡೌಟೇ ಇಲ್ಲ.

ಆದ್ರೂ ಬಾಯಿಮಾತು ನಂಬ್ಬೇಡಿ, ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕೆ (ಕ್ಲಾಂಪಿಗಲ್ಲ, ಕಂಬಕ್ಕೇ), ಇನ್ನೊಂದು ಇಂಜಿನ್ ಬ್ಲಾಕಿನ ಬರೀ ಲೋಹಕ್ಕೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಇನ್ನೊಬ್ರಿಗೆ ಸೆಲ್ಫ್ ಹೊಡೆಯೋಕೆ ಹೇಳಿ. 0.2, ಹೆಚ್ಚಂದ್ರೆ 0.3 ಬಂದ್ರೆ ನಾನು ಹೇಳಿದ್ದು ಸುಳ್ಳು. ಒಂದರ ಮೇಲೆ ಬಂದ್ರೆ ಜಂಪ್ ಕೇಬಲ್ ತಗೊಂಡು ಬ್ಯಾಟರಿ ಮೈನಸ್ಸಿಂದ ಬ್ಲಾಕಿಗೆ ನೇರ ಕಚ್ಚಿಸಿ ಮತ್ತೆ ಸೆಲ್ಫ್ ಹೊಡೀರಿ.

ಘಾಟಿರಸ್ತೆ:
ಇದು ನನ್ ತಲೆಗೆ ಹೊಳೆದೇ ಇರ್ಲಿಲ್ಲ. ಗೇರ್ ಆಯಿಲ್ ಜಿಎಲ್-5 ದರ್ಜೇದು ಹಾಕಿರ್ತಾರೆ ಅಂತ ಬರೆಯೋಕೆ ಹೊರಟಿದ್ದೆ.

ಹಳೇಕಬ್ಬಿಣ:
ಅದನ್ನೂ ನೋಡ್ಲಿ ಬಿಡಿ, ಗೇರ್‌ಬಾಕ್ಸಿಗೆ ಜಿಎಲ್-4 ಇರ್ಬೇಕು, ಸಿಂಕ್ರೋ ರಿಂಗ್ ಹಿತ್ತಾಳೇದು, ಜಿಎಲ್-5 ಅದಕ್ಕೆ ಒಗ್ಗಲ್ಲ. ಆದ್ರೆ ಆಯಿಲಿಂದ ಕ್ಲಚ್ ಪೆಡಲ್ ಕಲ್ಲಾಗಲ್ಲ.

ತೋಟದಗಾಡಿ:
ಸಾರ್, 1.9 ಬಂತು!! ಜಂಪ್ ಕೇಬಲ್ ಕಚ್ಚಿಸಿದ್ ತಕ್ಷಣ ಸೆಲ್ಫ್ ಹೊಸ ಗಾಡಿ ಥರ ಎಳೀತು. ಅಡಿಗೆ ಹೋಗಿ ಟಾರ್ಚ್ ಬಿಟ್ರೆ ಅರ್ಥ್ ವೈರು ಗೇರ್‌ಬಾಕ್ಸ್ ಪಕ್ಕ ಸುಮ್ನೆ ನೇತಾಡ್ತಿದೆ, ತುದೀಲಿ ಕೆಸರು ಮೆತ್ಕೊಂಡು, ಮೂರು ತಿಂಗಳು ನಾವ್ಯಾರೂ ನೋಡಿಲ್ಲ. ಬೋಲ್ಟ್ ಕೂರೋ ಜಾಗ ಎಮ್ರಿ ಹಾಕಿ ಉಜ್ಜಿ ಬಿಗಿದು ಮೇಲೆ ಗ್ರೀಸ್ ಸವರಿದೆ. ಈಗ 0.15. ಕ್ಲಚ್ ಕೇಬಲ್ ಬಿಚ್ಚಿ ಕೈಲಿ ಎಳೆದ್ರೆ ಅಲ್ಲಾಡಲ್ಲ, ತುದಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ. ಎರಡೂ ಕೇಬಲ್ ಹೊಸದು ಹಾಕಿದೆ, ಪೆಡಲ್ ಫ್ರೀ ಪ್ಲೇ (ಸ್ವಲ್ಪ ಸಡಿಲ) ಇಟ್ಟೆ, ರಿವರ್ಸ್ ಸದ್ದಿಲ್ದೆ ಬೀಳ್ತಿದೆ, ಐಡ್ಲಿಂಗ್ ಹೆಡ್‌ಲೈಟ್ ಹಾಕಿದ್ರೂ ಅಲ್ಲಾಡಲ್ಲ. ವಾಲ್ವೂ ಬೇಡ ಗೇರ್‌ಬಾಕ್ಸೂ ಬೇಡ. ಅಪ್ಪ ಎರಡು ಸಲ ಸ್ಟಾರ್ಟ್ ಮಾಡಿ ಆಫ್ ಮಾಡಿ ನೋಡಿದ್ರು, ಏನೂ ಮಾತಾಡ್ಲಿಲ್ಲ, ಕಾಫಿ ಕುಡಿಯೋಕೆ ಹೋದ್ರು.

ಫೋರ್‌ವೀಲ್ ಲಿವರ್ ಮಾತ್ರ ಈಗ್ಲೂ ಹಿಡ್ಕೊಳ್ಳುತ್ತೆ.

ಹಳೇಕಬ್ಬಿಣ:
ಅದು ಬೇರೆ ಕಥೆ. ಟಾರ್ ರೋಡಲ್ಲಿ ಫೋರ್‌ವೀಲ್ ಹಾಕಿ ಓಡಿಸ್ತೀರಾ? ಟೈರ್ ನಾಲ್ಕೂ ಒಂದೇ ಥರಾನಾ?

ತೋಟದಗಾಡಿ:
ಹಿಂದೆ ಎರಡು ಹೊಸದು, ಮುಂದೆ ಹಳೇದು ಸವೆದಿರೋದು. ತೋಟದಿಂದ ಬಂದು ಟಾರ್ ಹತ್ತಿದ್ಮೇಲೂ ಒಂದೆರಡು ಕಿಲೋಮೀಟರ್ ಮರೆತು ಹಾಗೇ ಬರ್ತೀನಿ ನಿಜ.

ಹಳೇಕಬ್ಬಿಣ:
ಇನ್ನೇನು ಮತ್ತೆ. ಜಿಪ್ಸೀಲಿ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ನಡುವೆ ಡಿಫ್ರೆನ್ಶಿಯಲ್ (ಎರಡು ಕಡೆ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಗೇರ್) ಇಲ್ಲ, ಫೋರ್‌ವೀಲ್ ಹಾಕಿದ್ರೆ ಎರಡು ಶಾಫ್ಟೂ ಒಂದೇ ಸ್ಪೀಡಲ್ಲಿ ತಿರುಗ್ಬೇಕು. ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗುತ್ತೆ, ನಿಮ್ಮ ಮುಂದಿನ ಟೈರು ಸವೆದು ಚಿಕ್ಕದಾಗಿರೋದ್ರಿಂದ ನೇರ ರೋಡಲ್ಲೂ ಸುತ್ತು ಸರಿಹೊಂದಲ್ಲ. ಕೆಸರಲ್ಲಿ ಟೈರ್ ಜಾರಿ ಸರಿ ಮಾಡ್ಕೊಳ್ಳುತ್ತೆ, ಟಾರಲ್ಲಿ ಜಾರಲ್ಲ, ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ಬಿಗಿಯಾಗಿ ಲಿವರ್ ಹಿಡ್ಕೊಳ್ಳುತ್ತೆ. ಜಗ್ಬೇಡಿ. ಸ್ಟೀರಿಂಗ್ ನೇರ ಇಟ್ಟು ಹತ್ತಿಪ್ಪತ್ತಡಿ ರಿವರ್ಸ್ ಹೋಗಿ, ಹೋಗ್ತಾನೇ ಲಿವರ್ ಮೆಲ್ಲಗೆ ಎಳೀರಿ, ಬಿಟ್ಕೊಳ್ಳುತ್ತೆ. ಈಗ ರಿವರ್ಸ್ ಹೇಗೂ ಬೀಳುತ್ತಲ್ಲ.

ತೋಟದಗಾಡಿ:
ಈಗ್ಲೇ ಗೇಟ್ ಹತ್ರ ಮಾಡಿ ಬಂದೆ, ಟಕ್ ಅಂತ ಬಿಡ್ತು. ಮುಂದಿನ ಟೈರ್ ಕಾಫಿ ದುಡ್ಡು ಬಂದ್ಮೇಲೆ. ಮತ್ತೆ ಆ ಹಳೇ ಬ್ಯಾಟರಿ ಚೆನ್ನಾಗೇ ಇದೆ ಸಾರ್, ಚಾರ್ಜ್ ಹಾಕಿ ಸೋಲಾರ್ ಬೇಲಿಗೆ ಕೊಟ್ಟಿದೀನಿ.