ಮಾಗಿ ದಾಟಿಸುವುದೋ, ಮಾಗಿಸುವುದೋ?

ಒಂದು ಪದ ಬೇಕಾಗಿದೆ. ನನ್ನ ಅಕ್ಕನ ಮಗಳು ಕೆನಡಾದಲ್ಲಿದ್ದಾಳೆ, ಕೈದೋಟದ ಹುಚ್ಚು. ಜೂನ್‌ನಲ್ಲಿ ಬೀಜ ಹಾಕಿ ಲುಪಿನ್, ಡೆಲ್ಫಿನಿಯಂ ಅನ್ನುವ ಹೂಗಿಡಗಳ ಸಸಿ ಎಬ್ಬಿಸಿದ್ದಾಳೆ. ಮೊನ್ನೆ ಫೋನಿನಲ್ಲಿ, 'ಮಾಮಾ, ಓವರ್‌ವಿಂಟರ್ ಮಾಡೋದಕ್ಕ ನಮ್ಮ ಕಡೆ ಏನಂತಾರ?' ಅಂದಳು. ಅಂದರೆ, ಗಿಡವನ್ನು ಚಳಿಗಾಲ ಮುಗಿಯುವವರೆಗೆ ಸಾಯದಂತೆ ಉಳಿಸಿಕೊಳ್ಳುವುದು. ಧಾರವಾಡದ ಚಳಿಗೆ ಸ್ವೆಟರ್ ಹೊರಗೆ ಬರುತ್ತದೆ, ಗಿಡವೇನೂ ಸಾಯುವುದಿಲ್ಲ. ಪದ ಎಲ್ಲಿಂದ ತರಲಿ?

ಆ ಗಿಡಗಳು ಬೇರೂರಿದರೆ ವರ್ಷಗಟ್ಟಲೆ ಇರುತ್ತವೆ. ಚಳಿಗೆ ಎಲೆ, ಕಾಂಡ ಒಣಗಿದರೂ ಬೇರು ಒಳಗೇ ಜೀವ ಹಿಡಿದಿರುತ್ತದೆ. ಎಳೆ ಸಸಿಗೆ ಮಾತ್ರ ಮೊದಲ ಚಳಿಗಾಲ ಗಂಡಾಂತರ. ಮಣ್ಣಿನಲ್ಲಿರುವ ನೀರು ಹೆಪ್ಪುಗಟ್ಟಿ ನೆಲ ಉಬ್ಬುತ್ತದೆ, ಕರಗಿದಾಗ ಇಳಿಯುತ್ತದೆ. ನಾಲ್ಕಾರು ಸಲ ಹೀಗಾದರೆ ಸಸಿ ಬೇರುಸಮೇತ ಮೇಲೆ ಬಂದು ಕೂತಿರುತ್ತದೆ. ಅದಕ್ಕೇ ಇವಳು ಕುಂಡಗಳನ್ನು ಕಂಠದವರೆಗೆ ಮಣ್ಣಲ್ಲಿ ಹೂತು, ಸುತ್ತ ಗಾಜಿನ ಮುಚ್ಚಳದ ಪೆಟ್ಟಿಗೆ ಇಟ್ಟಿದ್ದಾಳೆ. ನೀರು ನೆಪಕ್ಕಷ್ಟೇ, ಜಾಸ್ತಿಯಾದರೆ ಬುಡ ಕೊಳೆಯುತ್ತದೆ. 'ಸುಮ್ನೆ ಒಳಗ ಹೀಟರ್ ಹತ್ರ ಇಡಬಾರದೇನು?' ಅಂದೆ. ಬೇಡವಂತೆ. ಚಳಿ ತಿಂದರೇ ಮುಂದಿನ ವರ್ಷ ಚೆನ್ನಾಗಿ ಹೂ ಬಿಡುವುದು.

ಇಲ್ಲೇ ನನ್ನ ಮೊದಲ ಪದ ಬಿದ್ದುಹೋಯಿತು. 'ಚಳಿಯಿಂದ ಕಾಪಾಡು' ಅಂದರೆ ಕಂಬಳಿ ಹೊದಿಸಿದ ಹಾಗೆ. ಇವಳು ಚಳಿ ತಪ್ಪಿಸುತ್ತಿಲ್ಲ, ಚಳಿಯೊಳಗಿಂದಲೇ ಆಚೆ ದಡಕ್ಕೆ ಒಯ್ಯುತ್ತಿದ್ದಾಳೆ. ನಮ್ಮಲ್ಲಿ ದಾಟಿಸಬೇಕಾದ್ದು ಬೇಸಿಗೆ. ಮಳೆಗಾಲದಲ್ಲಿ ಆಪೂಸಿನ ಸಸಿ ನೆಟ್ಟವರು 'ಒಂದು ಬ್ಯಾಸಗಿ ದಾಟಿಸಿದ್ರ ಚಿಂತಿಲ್ಲ' ಅನ್ನುತ್ತಾರೆ. ಅದೇ ಅಚ್ಚಿನಲ್ಲಿ 'ಮಾಗಿ ದಾಟಿಸು' ಅಂದರೆ ಹೇಗೆ? ಮಾಗಿ ಅಂದರೆ ಚಳಿಗಾಲ, ಮಾಗಿ ಉಳುಮೆ ಇನ್ನೂ ರೈತರ ಬಾಯಲ್ಲಿದೆ. ಇದನ್ನೇ ಚಿಕ್ಕದು ಮಾಡಿ 'ಮಾಗಿಸು' ಅಂದರೆ ಕೆಟ್ಟಿತು, ಕೇಳಿದವರು ಹುಲ್ಲಿನಲ್ಲಿಟ್ಟ ಮಾವಿನಕಾಯಿ ನೆನೆಸಿಕೊಳ್ಳುತ್ತಾರೆ, ಅಲ್ವಾ? 'ಚಳಿಗಾಲಿಸು' ಅಂತ ಗೆಳೆಯರೊಬ್ಬರು ಸೂಚಿಸಿದರು. ಹೇಳುವಾಗ ಅವರಿಗೇ ನಗು ಬಂತು.

ಇನ್ನು, ಸಸಿಯೋ ಅಗಿಯೋ? ಹಾವೇರಿ ಕಡೆ ಮೆಣಸಿನಕಾಯಿ ಅಗಿ ಹಚ್ಚುವವರಿಗೆ ಅಗಿ ಅಂದರೆ ಮಡಿಯಿಂದ ಕಿತ್ತು ಹೊಲಕ್ಕೆ ಹೋಗುವ ಎಳೆಯದು. ಇವಳ ಕುಂಡದಲ್ಲಿರುವುದೂ ಅಂಥದ್ದೇ, ಬೇಸಿಗೆಗೆ ಮುಂಚೆ ಜಾಗ ಬದಲಿಸುತ್ತದೆ. ನನ್ನ ಓಟು ಅಗಿಗೆ. 'ಕೂಸನ್ನು ಹಳ್ಳ ದಾಟಿಸಿದ' ಅನ್ನುವ ಹಾಗೆ 'ಅಗಿಯನ್ನು ಮಾಗಿ ದಾಟಿಸು' ಅನ್ನಬಹುದು.

ಹೀಗೆ ವರ್ಷಗಟ್ಟಲೆ ಬದುಕುವ ಗಿಡಕ್ಕೆ 'ಬಹುವಾರ್ಷಿಕ' ಅನ್ನುವುದು ಮಾತ್ರ ನನಗೆ ಒಗ್ಗುವುದಿಲ್ಲ, ಇಲಾಖೆಯ ಬೋರ್ಡಿನ ವಾಸನೆ. ಕಬ್ಬಿನ 'ಕೂಳೆ'ಯಲ್ಲಿ ಮತ್ತೆ ಚಿಗುರುವ ಅರ್ಥವಿದೆ, ಆದರೆ ಅದಕ್ಕೆ ಮೊದಲು ಕೊಯ್ಯಬೇಕು. ಡೇರೆ ಹೂವು ಬೆಳೆಸುವವರು ಇಲ್ಲಿದ್ದರೆ ಹೇಳಿ: ಗಿಡ ಒಣಗಿದ ಮೇಲೆ ಗಡ್ಡೆಯನ್ನು ಮಳೆ ಬರುವವರೆಗೆ ಎತ್ತಿಡುವುದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ?