ಸಹಾಯ ಬೇಕು: ‘ಘರೇ ಬಾಯಿರೇ’ ಓದಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಸಣ್ಣ ಓದುಗರ ಬಳಗದಲ್ಲಿ ಮುಂದಿನ ಭಾನುವಾರ ನಾನು ಟಾಗೋರರ ‘ಘರೇ ಬಾಯಿರೇ’ (1916) ಕಾದಂಬರಿಯ ಬಗ್ಗೆ ಮಾತಾಡಬೇಕು. ಸುಮ್ನೆ ಒಪ್ಪಿಕೊಂಡೆ, ಈಗ ಸಿಕ್ಕಿಹಾಕಿಕೊಂಡಿದ್ದೇನೆ!

1905ರ ಬಂಗಾಳ ವಿಭಜನೆಯ ನಂತರದ ಸ್ವದೇಶಿ ಚಳವಳಿ ಕಥೆಯ ಹಿನ್ನೆಲೆ. ಜಮೀನ್ದಾರ ನಿಖಿಲೇಶ ಹೆಂಡತಿ ಬಿಮಲಾಳನ್ನು ತಾನೇ ಅಂತಃಪುರದಿಂದ ಹೊರಗೆ ಕರೆತರುತ್ತಾನೆ. ಅವಳು ಅವನ ಗೆಳೆಯ, ಚಳವಳಿಯ ನಾಯಕ ಸಂದೀಪನಿಗೆ ಮರುಳಾಗುತ್ತಾಳೆ. ದೇಶಕ್ಕಾಗಿ ಅಂತ ಗಂಡನ ತಿಜೋರಿಗೇ ಕೈ ಹಾಕುತ್ತಾಳೆ. ಇತ್ತ ಪಂಚು ಎಂಬ ಬಡ ವ್ಯಾಪಾರಿಯ ವಿದೇಶಿ ಬಟ್ಟೆಯನ್ನು ಸ್ವದೇಶಿಯ ಹೆಸರಿನಲ್ಲಿ ಸುಟ್ಟುಹಾಕುತ್ತಾರೆ. ನನ್ನನ್ನು ಜಾಸ್ತಿ ಕಾಡಿದ್ದು ಈ ಪಂಚುವೇ. ದೇಶಪ್ರೇಮಕ್ಕೆ ಬೆಲೆ ತೆತ್ತವನು ಅವನೇ ಅಲ್ವಾ?

ನನ್ನ ಗೊಂದಲ ನಿಖಿಲೇಶನದು. ಎಲ್ಲ ಕಣ್ಣೆದುರೇ ನಡೆಯುತ್ತಿದ್ದರೂ ಹೆಂಡತಿಯನ್ನು ತಡೆಯುವುದಿಲ್ಲ. ಅದು ಪ್ರೀತಿಯೋ, ಅತಿಯಾದ ಒಳ್ಳೆಯತನವೋ? ಮೂವರೂ ತಮ್ಮ ತಮ್ಮ ಕಥೆ ತಾವೇ ಹೇಳುವುದರಿಂದ ಯಾರನ್ನು ನಂಬಬೇಕೋ ತಿಳಿಯುತ್ತಿಲ್ಲ. ಸಂದೀಪನ ಮಾತು ಓದುವಾಗ ನಾನೂ ಒಂದು ಕ್ಷಣ ಮರುಳಾದೆ, ನಿಜ ಹೇಳಬೇಕು.

ನೀವು ಹೇಗೆ ಓದಿಕೊಂಡಿರಿ, ದಯವಿಟ್ಟು ಬರೆಯಿರಿ. ಸತ್ಯಜಿತ್ ರೇ ಅವರ 1984ರ ಸಿನಿಮಾ ನೋಡಿದವರು ಕೊನೆಯ ಬಗ್ಗೆಯೂ ಹೇಳಿ. ಕಾದಂಬರಿಯಲ್ಲಿ ನಿಖಿಲೇಶ ಉಳಿದನೋ ಇಲ್ಲವೋ ಸ್ಪಷ್ಟವಿಲ್ಲ, ಸಿನಿಮಾದಲ್ಲಿ ಬಿಮಲಾ ವಿಧವೆ. ನಾನು ಇಂಗ್ಲಿಷಿನಲ್ಲಿ ಓದಿದ್ದು. ಕನ್ನಡ ಅನುವಾದದ ಪ್ರತಿ ಯಾರ ಹತ್ತಿರವಾದರೂ ಇದ್ದರೆ ಒಂದು ವಾರಕ್ಕೆ ಕೊಡ್ತೀರಾ? ಜೋಪಾನವಾಗಿ ವಾಪಸ್ ಕೊಡುತ್ತೇನೆ.